ತಿರುಗಿ ಬಂದ ಬುತ್ತಿ

ನಮ್ಮ ಅಡುಗೆಮನೆಯ ಗೂಟಕ್ಕೆ ಒಂದು ಬಿಳಿಯ ಬಟ್ಟೆಯ ಚೌಕ ತೂಗುಬಿದ್ದಿದೆ. ಅದು ನನ್ನದೇ ಹಳೆಯ ಧೋತರದ ತುಂಡು. ಅಂಚು ಹೊಲಿದು, ನೀಲಿ ಹಾಕಿ ಒಗೆದು, ಅದನ್ನು ಬುತ್ತಿಯ ಬಟ್ಟೆಯ ಪದವಿಗೆ ಏರಿಸಿದವಳು ನನ್ನ ಹೆಂಡತಿ ಕಸ್ತೂರಿ. ಖಡಕ್ ರೊಟ್ಟಿಯನ್ನೂ ಶೇಂಗಾ ಹಿಂಡಿಯೆಂಬ ಚಟ್ನಿಪುಡಿಯನ್ನೂ ಅದರಲ್ಲಿರಿಸಿ, ಎದುರುಬದುರಿನ ತುದಿಗಳನ್ನು ಬಿಗಿದು ಅವಳು ಗಂಟು ಹಾಕಿದಳೆಂದರೆ, ಅದನ್ನು ಬಿಚ್ಚಲು ನಾನು ಹಲ್ಲುಗಳ ನೆರವನ್ನೇ ಬೇಡಬೇಕಾಗುತ್ತದೆ.

ಇಂಡಿ ಪಟ್ಟಣದ ಶಾಲೆಯೊಂದರಲ್ಲಿ ವಿಭಕ್ತಿ ಪ್ರತ್ಯಯಗಳನ್ನು ಕಲಿಸುತ್ತಿದ್ದ ನಾನು, ಆ ನೌಕರಿಯನ್ನು ಬಿಟ್ಟು, ಈಗ ಶಾಲೆಗಳಿಗೆ ಬೇಕಾಗುವ ಕರಿಹಲಗೆ, ಭೂಪಟ, ಗಂಟೆಗಳನ್ನು ಊರೂರು ತಿರುಗಿ ಮಾರುವ ವ್ಯಾಪಾರಿಯಾಗಿದ್ದೇನೆ. ಪಾಠ ನಿಂತರೂ ವೇಳಾಪಟ್ಟಿಯ ಬುದ್ಧಿ ನಿಲ್ಲಲಿಲ್ಲ. ಇಂಡಿಯಿಂದ ಸಿಂದಗಿ, ಸಿಂದಗಿಯಿಂದ ಮುದ್ದೇಬಿಹಾಳ, ಅಲ್ಲಿಂದ ಬಸವನ ಬಾಗೇವಾಡಿ, ಕೊನೆಗೆ ಮರಳಿ ಇಂಡಿಯ ಮನೆ: ಈ ಕ್ರಮವನ್ನು ಎಂದೂ ಮುರಿದವನಲ್ಲ. ನಮ್ಮ ಮನೆಯಲ್ಲಿ ಇನ್ನೊಂದು ಕಟ್ಟಳೆಯೂ ಉಂಟು. ಪರವೂರಿಗೆ ಒಯ್ದ ಬುತ್ತಿ ಮನೆಗೆ ತಿರುಗಿ ಬರಬಾರದು. ಬಂದರೆ ಕಟ್ಟಿದ ಕೈಗೆ ಅವಮಾನ. ಆದ್ದರಿಂದ ಉಳಿದದ್ದನ್ನು ದಾರಿಯಲ್ಲೇ ಯಾರಿಗಾದರೂ ಕೊಟ್ಟು, ಖಾಲಿ ಬಟ್ಟೆಯನ್ನು ಮಡಚಿ ತರುವುದು ನನ್ನ ರೂಢಿ.

ಕಳೆದ ಚಳಿಗಾಲದಲ್ಲಿ ಹೀಗೆಯೇ ಹೊರಡಲು ಅಂಗಿಗಳನ್ನು ಚೀಲಕ್ಕೆ ಜೋಡಿಸುತ್ತಿದ್ದಾಗ ಕಸ್ತೂರಿ ಬಂದು ನಿಂತಳು.

"ಮುದ್ದೇಬಿಹಾಳದ ಕಡೆ ಡ್ಯಾಮಿನ ಹಿನ್ನೀರಿಗೆ ಹೊಳಿ ತುಂಬಿ ಸಮುದ್ರ ಆದಂಗ ಆಗೇತಂತ್ರಿ. ಒಮ್ಮ್ಯಾರ ತೋರಸ್ತೀರೇನು?"

"ಇದು ವ್ಯಾಪಾರದ ತಿರುಗಾಟ ಐತಿ, ಪ್ರವಾಸ ಅಲ್ಲ," ಎಂದು ನಾನು ವ್ಯಾಖ್ಯೆ ಬರೆಸುವವನಂತೆ ನುಡಿದೆ.

ಅವಳು ಅಡುಗೆಮನೆಗೆ ಹೋದಳು. ರೊಟ್ಟಿ ಬಡಿಯುವ ಸದ್ದು ಮಾತ್ರ ಎಂದಿಗಿಂತ ಹೆಚ್ಚು ಹೊತ್ತು ಕೇಳಿಸಿತು.

ಮರುದಿನ ಬೆಳಿಗ್ಗೆ ಗಂಟನ್ನು ಎತ್ತಿದರೆ ಕೈ ಜಗ್ಗುವಷ್ಟು ಭಾರ. ಬಾಗಿಲಲ್ಲಿ ಅವಳು ಇಳಕಲ್ಲ ಸೀರೆಯುಟ್ಟು, ಹೂ ಮುಡಿದು ನಿಂತಿದ್ದಳು, ಗುಡಿಗೆ ಹೊರಟಿರಬೇಕೆಂದುಕೊಂಡೆ.

"ಬಸ್ಸಿನ್ಯಾಗ ಜಾಗಾ ಸಿಗತೈತೇನ್ರಿ?" ಎಂದಳು.

"ನನಗೊಬ್ಬಗ ಎಲ್ಲ್ಯಾರ ಸಿಗತೈತಿ ಬಿಡು."

ನನ್ನನ್ನೊಮ್ಮೆ, ಗಂಟನ್ನೊಮ್ಮೆ ನೋಡಿ ಅವಳು ಒಳಗೆ ಹೋದಳು. ಎಂದಿನಂತೆ "ಲಗೂನ ಬರ್ರಿ" ಎನ್ನಲಿಲ್ಲ.

ಸಿಂದಗಿಯಲ್ಲಿ ಗಂಟು ಬಿಚ್ಚಿದಾಗ ರೊಟ್ಟಿಗಳ ಗುಡ್ಡೆಯ ನಡುವೆ ಅಗಸಿ ಹಿಂಡಿಯ ಪೊಟ್ಟಣವೊಂದು ಕಂಡಿತು. ಅಗಸಿ ಹಿಂಡಿ ನನ್ನ ನಾಲಿಗೆಗೆ ಎಂದೂ ಒಗ್ಗದ ಪದಾರ್ಥವೆಂಬುದು ಅವಳಿಗೆ ತಿಳಿಯದ ಸಂಗತಿಯಲ್ಲ. ನಾನು ಕ್ರಮಬದ್ಧವಾಗಿ ಆಲೋಚಿಸಿ ಎರಡು ತೀರ್ಮಾನಗಳಿಗೆ ಬಂದೆ: ರೊಟ್ಟಿಯ ಭಾರವೆಂದರೆ ಬೇಗನೆ ಬರಬೇಡವೆಂಬ ಅಪ್ಪಣೆ, ಅಗಸಿ ಹಿಂಡಿಯೆಂದರೆ ಶಿಕ್ಷೆ. ಫೋನು ಮಾಡಿ "ಊಟ ಆತೇನು?" ಎಂದರೆ "ಆತು" ಎಂದಳು. "ಮತ್ತೇನು?" ಎಂದರೆ "ಏನಿಲ್ಲ." ಇಷ್ಟು ಸಂಕ್ಷಿಪ್ತವಾದ ಉತ್ತರಗಳಿಗೆ ಹಿಂದೆ ತರಗತಿಯಲ್ಲಿ ನಾನು ಅಂಕ ಕಡಿತ ಮಾಡುತ್ತಿದ್ದೆ, ಈಗ ಕಡಿತವಾದದ್ದು ನನ್ನ ನಿದ್ದೆ.

ಮಿತ್ರರೇ, ವಿರಹವೆಂಬುದು ಹರೆಯದವರ ಸೊತ್ತೆಂದು ನೀವು ನಂಬಿದ್ದರೆ ಆ ನಂಬಿಕೆಯನ್ನು ತಿದ್ದಿಕೊಳ್ಳಿ. ಹರೆಯದ ವಿರಹ ಚಂದ್ರನನ್ನು ದೂರುತ್ತದೆ, ಗಾಳಿಯನ್ನು ಬೈಯುತ್ತದೆ. ನಡುವಯಸ್ಸಿನ ವಿರಹಕ್ಕೆ ಅಷ್ಟು ಪುರುಸೊತ್ತಿಲ್ಲ. ಅದು ವಸತಿಗೃಹದ ಚಹಾದಲ್ಲಿ ಶುಂಠಿಯಿಲ್ಲವೆಂದು ಮುನಿಸಿಕೊಳ್ಳುತ್ತದೆ. ಕನ್ನಡಕ ಎಲ್ಲಿಟ್ಟೆನೆಂದು ಯಾರೂ ಇಲ್ಲದ ಕೋಣೆಯನ್ನು ಕೇಳಿ, ಉತ್ತರಕ್ಕಾಗಿ ಕಾಯುತ್ತದೆ. ಮನೆಗೆ ಹೋಗಬೇಕೆಂಬ ಹಂಬಲ ಬಲವಾಗಿತ್ತು. ಹೋದರೆ ಕಸ್ತೂರಿಯ ಮುಖ ಬಾಗಿಲಿಗೆ ಬಂದೀತೋ ಇಲ್ಲವೋ ಎಂಬ ಅಳುಕು ಅದಕ್ಕಿಂತ ಬಲವಾಗಿತ್ತು.

ಮುದ್ದೇಬಿಹಾಳದಲ್ಲಿ ಶಾಲಾ ಸಾಮಗ್ರಿಯ ಅಂಗಡಿಯಿಟ್ಟಿರುವ ಸಂಗಪ್ಪ ನನ್ನ ಹಳೆಯ ಗಿರಾಕಿ. ಮಧ್ಯಾಹ್ನ ಅವನ ಅಂಗಡಿಯಲ್ಲೇ ಗಂಟು ಬಿಚ್ಚಿದೆ.

"ಮಾಸ್ತರ್ರ, ಮನಿಯಿಂದ ಹೊರಗ ಹಾಕ್ಯಾರೇನ್ರಿ? ಇಷ್ಟ್ ರೊಟ್ಟಿ ಕಟಗೊಂಡು ಕಾಶಿಗೆ ಹೋಗಿ ಬರಬಹುದು."

"ಹಂಗ ಕಾಣತೈತಪ್ಪ," ಎಂದು ನಾನು ಪೊಟ್ಟಣವನ್ನು ಅವನತ್ತ ಚಾಚಿದೆ. "ಈ ಅಗಸಿ ಹಿಂಡಿ ನೀ ತಗೋ. ನಾ ತಿನ್ನೂದಿಲ್ಲ."

"ನೀವ್ ತಿನ್ನೂದಿಲ್ಲಂದ್ರ ಮತ್ಯಾರ್ ತಿಂತಾರ್ರಿ?"

"ಕಸ್ತೂರಿಗೆ ಅದಿಲ್ದ ತುತ್ತು ಇಳಿಯೂದಿಲ್ಲ."

ನನ್ನ ಉತ್ತರವು ನನ್ನ ಕಿವಿಗೇ ಬಿತ್ತು. ಇಳಕಲ್ಲ ಸೀರೆ, ಮುಡಿದ ಹೂ, ಬಸ್ಸಿನ ಜಾಗ, ಗಂಟಿನ ಭಾರ, ಎಲ್ಲವೂ ಒಂದರ ಹಿಂದೊಂದು ಬಂದು ಸಾಲಾಗಿ ನಿಂತವು. ಅದು ಇಬ್ಬರ ಬುತ್ತಿ. ಅವಳು ಹೊರಟು ನಿಂತಿದ್ದಳು. ನಡಿ ಎಂಬ ಒಂದು ಮಾತಿಗಾಗಿ ಕಾದಿದ್ದಳು.

ಪೊಟ್ಟಣವನ್ನು ಅವನ ಕೈಯಿಂದ ಹಿಂದಕ್ಕೆ ಎಳೆದುಕೊಂಡೆ.

"ಕೊಟ್ಟ ಮ್ಯಾಲೆ ಕಸಗೊಂತೀರಲ್ರಿ, ಮಾಸ್ತರ್ರ," ಎಂದು ಸಂಗಪ್ಪ ನಕ್ಕ.

ಮುಂದಿನ ಬಸ್ಸು ಹಿಡಿದೆ. ಕಿಟಕಿಯಾಚೆ ಹೊಳೆಯ ನೀರು ಮಿನುಗಿದಾಗ, ಒಬ್ಬನೇ ನೋಡಬಾರದೆಂದು, ಪಕ್ಕದವರು ಅಚ್ಚರಿಪಡುವಂತೆ ಮುಖ ತಿರುಗಿಸಿ ಕುಳಿತೆ. ಬಾಗೇವಾಡಿಯಲ್ಲಿ ಬಸ್ಸು ನಿಂತಿತು, ನಾನು ಇಳಿಯಲಿಲ್ಲ. ಕ್ರಮ ಮುರಿಯಿತು, ಆಕಾಶ ಮುರಿಯಲಿಲ್ಲ.

ಸಂಜೆ ಕಸ್ತೂರಿ ಬಾಗಿಲು ತೆರೆದವಳೇ ಗಂಟನ್ನು ಮುಟ್ಟಿ ನೋಡಿದಳು.

"ಬುತ್ತಿ ತಿರುಗಿ ತಂದೀರಿ? ಅಷ್ಟು ಕೆಟ್ಟಿತ್ತೇನು?"

"ನನ್ನ ಪಾಲು ಮುಗದೈತಿ. ಇದು ನಿನ್ನ ಪಾಲು."

ಅವಳು ಸೆರಗನ್ನು ಬಾಯಿಗೆ ಒತ್ತಿ ನಕ್ಕಳು. "ಲಗೂನ ತಿಳೀತು ಬಿಡ್ರಿ, ಮಾಸ್ತರ್ಗೆ." ಆಮೇಲೆ ಒಳಗೆ ಹೋಗುತ್ತ, ತಿರುಗಿ ನೋಡದೆ ಅಂದಳು: "ಆ ಸೀರಿ ಇನ್ನೂ ಮಡಚಿಟ್ಟಿಲ್ರಿ."

ಮರುದಿನ ಬಾಗೇವಾಡಿಯ ವ್ಯಾಪಾರವನ್ನು ಇಬ್ಬರೂ ಕೂಡಿ ಮುಗಿಸಿ, ಹೊಳೆಯ ದಂಡೆಗೆ ಹೋಗಿ ಕುಳಿತೆವು. ಕಣ್ಣು ಹಾಯುವವರೆಗೂ ನೀರು. ಬೆಳಿಗ್ಗೆ ಅವಳು ಮತ್ತೆ ಬಿಗಿದು ಕಟ್ಟಿದ್ದ ಗಂಟನ್ನು ರೂಢಿಯಂತೆ ನಾನು ಹಲ್ಲಿಗೆ ಒಯ್ದೆ. ಕಸ್ತೂರಿ ಅದನ್ನು ಕಸಿದುಕೊಂಡು, ಒಂದು ತುದಿಯನ್ನು ಬೆರಳಿನಲ್ಲಿ ಹಿಡಿದು ಮೆಲ್ಲಗೆ ಎಳೆದಳು. ಇಷ್ಟು ವರ್ಷ ನನ್ನ ಹಲ್ಲುಗಳನ್ನು ದಣಿಸಿದ್ದ ಗಂಟು, ಹೂವಿನ ಹಾಗೆ ಬಿಚ್ಚಿಕೊಂಡಿತು.