ರಾಚೆಸ್ಟರ್ ಹಿಲ್ಸ್‌ನಲ್ಲಿ ನನ್ನ ಕೊನೆಯ ಪ್ರಾಂಪ್ಟಿಂಗ್

ಮಗಳ ಮನೆಗೆ ಬಂದಿಳಿದ ಮರುದಿನ ಬೆಳಗ್ಗೆ ಬೆರಳು ಮಡಚಿ ಗೋಡೆಗೆ ತಟ್ಟಿ ನೋಡಿದೆ. ಡಬ್ ಡಬ್ ಎಂದಿತು. ಒಳಗೆ ಟೊಳ್ಳು! ಇಷ್ಟು ದೊಡ್ಡ ಡಾಕ್ಟರಾಗಿ ನನ್ನ ವೀಣಾ ಸಿನಿಮಾ ಸೆಟ್ಟಿನೊಳಗೆ ಸಂಸಾರ ಮಾಡುತ್ತಿದ್ದಾಳಲ್ಲ ಎನಿಸಿತು.

ಈ ತಟ್ಟುವ ಚಟ ನನಗೆ ಹತ್ತಿದ್ದು ಮದರಾಸಿನಲ್ಲಿ. ಇಪ್ಪತ್ತನೇ ವಯಸ್ಸಿಗೆ ಗದಗಿನಿಂದ ಹೋಗಿ, ಅಲ್ಲಿನ ಸ್ಟುಡಿಯೋಗಳಲ್ಲಿ ಕನ್ನಡ ಚಿತ್ರಗಳಿಗೆ ಸಂಭಾಷಣೆ ಬರೆಯುತ್ತ ಇಪ್ಪತ್ತು ವರ್ಷ ಕಳೆದವನು ನಾನು. ಕೊನೆಗೆ ಒಂದೇ ಒಂದು ಚಿತ್ರ ನಿರ್ಮಿಸಿದೆ. ಆಗ ದಿನಾ ಬೆಳಗ್ಗೆ ಸೆಟ್ಟಿನ ಗೋಡೆ ತಟ್ಟಿ ನೋಡುತ್ತಿದ್ದೆ. ಹೀರೋ ಬಾಗಿಲು ದಬ್ಬಿದರೆ ಇಡೀ ಅರಮನೆ ಅಲ್ಲಾಡಬಾರದಲ್ಲ! ಮಿಷಿಗನ್ನಿನ ಈ ಊರಿನಲ್ಲಿ ಎಲ್ಲರ ಗೋಡೆಯೂ ಹಾಗೇ. ಮರದ ಚೌಕಟ್ಟು, ಅದರ ಮೇಲೆ ಡ್ರೈವಾಲ್ ಎಂಬ ಸುಣ್ಣದ ಹಲಗೆ. ಸಬ್‌ಡಿವಿಷನ್ ಎಂದರೆ ನಮ್ಮ ಬಡಾವಣೆ, ಆದರೆ ಬೀದಿಯಲ್ಲಿ ನರಪಿಳ್ಳೆಯಿಲ್ಲ. ಸೆಟ್ಟು ಸಿದ್ಧವಿದೆ, ಕಲಾವಿದರು ಮಾತ್ರ ಇನ್ನೂ ಬಂದಿಲ್ಲ. ಮೊದಲ ತಿಂಗಳೆಲ್ಲ ಕಿಟಕಿಯ ಪಕ್ಕ ಕೂತು, ಯಾರಾದರೂ ನಡೆದು ಬರುತ್ತಾರೇನೋ ಎಂದು ನೋಡಿದೆ. ಅಂಚೆಯ ಗಾಡಿ ಬರುತ್ತಿತ್ತು, ಹೋಗುತ್ತಿತ್ತು.

ಮದರಾಸೂ ಪರವೂರೇ. ಆದರೆ ಅಲ್ಲಿ ಕ್ಯಾಂಟೀನಿನ ಇಡ್ಲಿ ಮುಂದಿಟ್ಟುಕೊಂಡು ಕನ್ನಡದಲ್ಲಿ ಜಗಳಾಡಲು ಜನರಿದ್ದರು. ಇಲ್ಲಿ ನಾನು ಜಗಳಾಡಿದ್ದು ಹೊಗೆ ಕಂಡರೆ ಬೊಬ್ಬೆ ಹೊಡೆಯುವ ಅಲಾರಂ ಜೊತೆ. ಎರಡು ಸಲ ನನ್ನ ಜೋಳದ ರೊಟ್ಟಿಯ ಮಾನ ಕಳೆಯಿತು. ಮೂರನೇ ಸಲ ಹೊರಗೆ ನೀರು ಹೆಪ್ಪುಗಟ್ಟುವ ಚಳಿಯಿದ್ದರೂ ಕಿಟಕಿ ತೆರೆದಿಟ್ಟು ಬೇಯಿಸಿದೆ. ರೊಟ್ಟಿ ಉಬ್ಬಿತು, ಅಲಾರಂ ಬಾಯಿ ಮುಚ್ಚಿಕೊಂಡಿತು.

ಸಂಜೆ ವಾಕಿಂಗ್ ಹೊರಡುವಾಗ, "ಬಾಗಲಾ ಹಾಕಬ್ಯಾಡವಾ, ಬರ್ತೀನಿ" ಎಂದು ಕೂಗಿ ಹೋಗುವುದು ನನ್ನ ರೂಢಿ.

"ಅಪ್ಪಾ, ಈ ಡೋರ್ ತಾನೇ ಲಾಕ್ ಆಗುತ್ತೆ. ತೆರೆಯೋಕೆ ಒತ್ತೋ ಕೋಡ್ ಹೇಳ್ಕೊಟ್ಟಿದೀನಲ್ಲ!" ಎಂದು ವೀಣಾ ದಿನಾ ರೇಗುತ್ತಾಳೆ. ಅಲ್ಲೇ ಹೋಮ್‌ವರ್ಕ್ ಮಾಡುತ್ತ ಕೂತಿರುವ ಮೊಮ್ಮಗಳು ಸಿರಿ ತಲೆ ಎತ್ತುವುದಿಲ್ಲ. ಇಲ್ಲೇ ಹುಟ್ಟಿದವಳು, ಹದಿನಾಲ್ಕು ವರ್ಷ. ನಾನು ಕನ್ನಡದಲ್ಲಿ ಕೇಳಿದರೆ ಇಂಗ್ಲಿಷಿನಲ್ಲಿ ಉತ್ತರ ಕೊಡುತ್ತಾಳೆ.

ಯುಗಾದಿಗೆ ಇಲ್ಲಿನ ಕನ್ನಡ ಕೂಟದವರು, "ಅಂಕಲ್, ಮಕ್ಕಳಿಗೆ ಒಂದು ಸ್ಕಿಟ್ ಬರ್ಕೊಡಿ" ಎಂದರು. ನನ್ನೊಳಗೊಂದು ಹಳೆಯ ಆಸೆ ಎದ್ದು ಕೂತಿತು. ನಾನು ನಿರ್ಮಿಸಿದ ಚಿತ್ರದ ಒಂದು ಪ್ರಿಂಟೂ ಈಗ ಎಲ್ಲೂ ಇಲ್ಲ. ನೆಗೆಟಿವ್ ಇಟ್ಟಿದ್ದ ಲ್ಯಾಬ್ ಮುಚ್ಚಿಹೋಯಿತು. ಹುಡುಕಿಸಿ ಹುಡುಕಿಸಿ ಸೋತೆ. ಕೊನೆಯ ದೃಶ್ಯದಲ್ಲಿ ಮಗಳು ದೂರದೂರಿಗೆ ಹೊರಡುತ್ತ ತಾಯಿಗೆ ಹೇಳುವ ಮೂರು ಪುಟದ ಮಾತಿತ್ತು. ಅದು ನನ್ನ ತಲೆಯಲ್ಲಿ ಮಾತ್ರ ಉಳಿದಿತ್ತು. ಎಂಬತ್ತು ದಾಟಿದೆ, ಕಣ್ಣು ಮುಚ್ಚುವ ಮುಂಚೆ ಅದನ್ನು ಇನ್ನೊಮ್ಮೆ ಕೇಳಬೇಕಿತ್ತು. ಆ ದೃಶ್ಯವನ್ನೇ ಸ್ಕಿಟ್ ಮಾಡಿ, ಮಗಳ ಪಾತ್ರ ಸಿರಿಗೆ ಕೊಟ್ಟೆ.

ಅವಳು ಇಂಗ್ಲಿಷ್ ಅಕ್ಷರದಲ್ಲಿ ಬರೆದುಕೊಂಡು ಓದಿದಳು: "ಅಮ್ಮಾ, ಈ ಹೊಸ್ತಿಲನ್ನು ದಾಟುವುದು ನನ್ನ ಕಾಲುಗಳೇ ಹೊರತು ನಿನ್ನ ಕರುಳಿನಿಂದ ಕಡೆದ ಈ ಹೃದಯವಲ್ಲ..." ಹಾಳೆ ಕೆಳಗಿಟ್ಟಳು. "ಅಜ್ಜ, ನೋಬಡಿ ಟಾಕ್ಸ್ ಲೈಕ್ ದಿಸ್." ಯಾರೂ ಹೀಗೆ ಮಾತಾಡುವುದಿಲ್ಲವಂತೆ!

ಮೈ ಉರಿಯಿತು. "ಸಿನಿಮಾದಾಗ ಮಾತಾಡ್ತಾರವಾ! ಸುಮ್ಮನ ಓದು" ಎಂದೆ. ಪಾಪ, ಕಾರಿನಲ್ಲಿ ಹೋಗಿಬರುವಾಗೆಲ್ಲ ಉರು ಹೊಡೆದಳು.

ನಮ್ಮ ಕಾಲದಲ್ಲಿ ಕನ್ನಡ ಬಾರದ ಕಲಾವಿದರಿಗೆ ಸಂಭಾಷಣೆ ಬರೆದವನೇ ಕ್ಯಾಮೆರಾ ಪಕ್ಕ ನಿಂತು ಮಾತು ಎತ್ತಿಕೊಡಬೇಕಿತ್ತು. ಅದೇ ಪ್ರಾಂಪ್ಟಿಂಗ್. ನಾನೊಮ್ಮೆಯೂ ಕೈಯಲ್ಲಿ ಹಾಳೆ ಹಿಡಿದವನಲ್ಲ. ಬರೆದವನೇ ಹಾಳೆ ನೋಡಿದರೆ ಲೈಟ್‌ಬಾಯ್‌ಗಳೂ ನಗುತ್ತಿದ್ದರು. ಯುಗಾದಿಯ ದಿನ ಶಾಲೆಯ ಸಭಾಂಗಣದಲ್ಲಿ ವೀಣಾ, "ಅಪ್ಪಾ, ಪೇಪರ್ ಇಟ್ಕೊಂಡಿರಿ" ಎಂದು ಕೊಡಬಂದಳು. ಕೈ ಸರಿಸಿ ಪರದೆಯ ಮರೆಗೆ ಹೋದೆ.

ಸಿರಿ ಚೆನ್ನಾಗಿಯೇ ಶುರುಮಾಡಿದಳು. ಒಂದು ಪುಟದಷ್ಟು ಹೇಳಿ ತಡವರಿಸಿ ನಿಂತಳು. ನನ್ನ ಕಡೆ ತಿರುಗಿದಳು. ನಾನು ಬಾಯಿ ತೆರೆದೆ.

ಮಾತು ಬರಲಿಲ್ಲ. ನಲವತ್ತು ವರ್ಷ ಎದೆಯಲ್ಲಿಟ್ಟುಕೊಂಡಿದ್ದ ಸಾಲು, ಒರೆಸಿಟ್ಟ ಹಾಗೆ ಖಾಲಿ. ಸಭೆ ಕೆಮ್ಮತೊಡಗಿತು. ಸಿರಿ ನನ್ನ ಮುಖವನ್ನೇ ನೋಡಿದಳು. ಅಜ್ಜನಿಗೆ ಮರೆತುಹೋಗಿದೆ ಎಂದು ಅವಳಿಗೆ ತಿಳಿಯಿತು. ನಿಧಾನಕ್ಕೆ ರಟ್ಟಿನ ಬಾಗಿಲಿನ ತನಕ ನಡೆದು, ಅದರ ಮೇಲೆ ಕೈಯಿಟ್ಟು, ತಾಯಿಯ ಪಾತ್ರದ ಹುಡುಗಿಯನ್ನು ನೋಡಿದಳು.

"ಬಾಗಲಾ ಹಾಕಬ್ಯಾಡವಾ, ಬರ್ತೀನಿ" ಎಂದು ಹೊರಟುಹೋದಳು.

ಸಭೆಯಲ್ಲಿ ಯಾರೋ ಮೂಗು ಒರೆಸಿಕೊಂಡ ಸದ್ದು, ಆಮೇಲೆ ಚಪ್ಪಾಳೆ. ಸಿರಿ ಓಡಿ ಬಂದು ನನ್ನ ತೋಳು ಹಿಡಿದಳು. "ಸಾರಿ ಅಜ್ಜ, ಐ ಪ್ಯಾನಿಕ್ಡ್. ನೀನು ಡೈಲಿ ಹೇಳೋದೇ ಹೇಳ್ಬಿಟ್ಟೆ."

ನಾನು ಅಲ್ಲೇ ಇದ್ದ ಕುರ್ಚಿಯಲ್ಲಿ ಕೂತು ಅತ್ತೆ. ಟ್ರಂಕು ಹಿಡಿದು ಮದರಾಸಿಗೆ ಹೊರಟ ದಿನ ಅವ್ವನಿಗೆ ನಾನು ಹೇಳಿದ್ದು ಇಷ್ಟೇ ಮಾತು. ಗದಗಿನ ಭಾಷೆ ಸಿನಿಮಾಕ್ಕೆ ಒಗ್ಗುವುದಿಲ್ಲ ಎಂದು ಡೈರೆಕ್ಟರುಗಳು ಹೇಳಿದರು, ನಾನೂ ತಲೆಯಾಡಿಸಿದೆ. ಅಷ್ಟೂ ಚಿತ್ರಗಳಲ್ಲಿ ಅವ್ವನಿಗೆ ಅರ್ಥವಾಗುವ ಒಂದು ಸಾಲೂ ಬರೆಯಲಿಲ್ಲ. ನನ್ನದೇ ಚಿತ್ರದಲ್ಲಿ, ನನ್ನದೇ ಕಥೆಗೆ, ಮೂರು ಪುಟ ಸುಳ್ಳು ಬರೆದೆ.

ಈಗ ಸಿರಿ ಬೆಳಗ್ಗೆ ಸ್ಕೂಲ್‌ಬಸ್ಸಿಗೆ ಓಡುವಾಗ ನನ್ನನ್ನು ಅಣಕಿಸುತ್ತ ಅದೇ ಮಾತು ಕೂಗುತ್ತಾಳೆ. ಉಳಿದದ್ದೆಲ್ಲ ಇಂಗ್ಲಿಷೇ. ಅವಳಿಗೂ ಕೋಡ್ ಗೊತ್ತು, ಆದರೂ ಅವಳು ಮರಳುವ ಮಧ್ಯಾಹ್ನ ಮೂರು ಗಂಟೆಗೆ ಎದ್ದು ಬಾಗಿಲು ತೆರೆದಿಟ್ಟು ಎದುರಿಗೆ ಕೂರುತ್ತೇನೆ. ಗದಗಿಗೆ ಹೋಗಬೇಕು ಎಂದು ಜೀವ ಎಳೆಯುತ್ತದೆ. ಹೋದರೆ ಮೂರು ಗಂಟೆಗೆ ಇಲ್ಲಿ ಯಾರು ಕೂರುತ್ತಾರೆ ಎಂದೂ ಅನಿಸುತ್ತದೆ. ಅವ್ವ ಎಷ್ಟು ವರ್ಷ ಹೀಗೆ ಕೂತಿದ್ದಳೋ, ನಾನು ಒಮ್ಮೆಯೂ ಕೇಳಲಿಲ್ಲ.