ಹಪ್ಪಳದ ಅಂಗಳದಲ್ಲಿ ಒಂದು ಫೈಟು

ಅರವತ್ತು ತುಂಬಲು ಇನ್ನು ಸ್ವಲ್ಪ ದಿನ ಇದೆ ಎನ್ನುವಾಗ ನನ್ನ ಭಾವನಿಗೆ ಒಂದು ಫೈಟ್ ಮಾಡಬೇಕು ಅನ್ನಿಸಿತು. ಯಾರ ಮೇಲೂ ಸಿಟ್ಟಿರಲಿಲ್ಲ. ಸಿನಿಮಾದಲ್ಲಿ ಮಾಡುತ್ತಾರಲ್ಲ, ಅಂಥ ಫೈಟ್.

ಭಾವ ಅಂದರೆ ನನ್ನ ಹೆಂಡತಿಯ ಅಣ್ಣ. ಮುಂಬೈಯಲ್ಲಿ ಹೋಟೆಲ್ ನಡೆಸಿ, ಅದನ್ನು ಮಗನ ಕೈಗೆ ಕೊಟ್ಟು, ನಾವುಂದದ ಮನೆಗೆ ಬಂದು ಕೂತವರು. ಎತ್ತರದ ಆಳು, ದಪ್ಪ ಮೀಸೆ. ಹೊಟ್ಟೆಯೊಂದನ್ನು ಬಿಟ್ಟರೆ ಹೀರೋ ಆಗಲು ಬೇಕಾದದ್ದೆಲ್ಲ ತನ್ನಲ್ಲಿತ್ತು ಎಂದು ಅವರೇ ಹೇಳಿಕೊಳ್ಳುತ್ತಿದ್ದರು. ನಾನು ಬೈಂದೂರಿನಲ್ಲಿ ಸಣ್ಣದೊಂದು ಸ್ಟುಡಿಯೋ ಇಟ್ಟುಕೊಂಡು ಮದುವೆ ವಿಡಿಯೋ ಮಾಡುವವನು. ಭಾವನ ಅರವತ್ತರ ಸಮಾರಂಭಕ್ಕೆ ಕಿರಿಮಂಜೇಶ್ವರದಲ್ಲಿ ಹಾಲ್ ಗೊತ್ತುಮಾಡಿಯಾಗಿತ್ತು. ಊಟಕ್ಕೆ ಮೊದಲು ದೊಡ್ಡ ಪರದೆಯಲ್ಲಿ ಭಾವನ ಜೀವನದ ಬಗ್ಗೆ ಒಂದು ವಿಡಿಯೋ ತೋರಿಸಬೇಕು ಎಂದು ಮನೆಯವರು ಆ ಕೆಲಸವನ್ನು ನನಗೆ ಒಪ್ಪಿಸಿದ್ದರು. ಹಳೆಯ ಫೋಟೋ ಕೇಳಲು ಹೋದಾಗ ಭಾವ ಕೈ ಅಡ್ಡ ಹಿಡಿದರು. ಅವರೂ ನನ್ನನ್ನು ಭಾವ ಎಂದೇ ಕರೆಯುವುದು.

“ಹ್ವಾಯ್ ಭಾವ, ಫೋಟೋ ಎಲ್ಲ ಬೇಡ. ತೊಟ್ಲಗೆ ಮಲ್ಕಂಡದ್ದ್, ಶಾಲಿಗ್ ಹೋದ್ದ್, ಮದಿ ಆದ್ದ್, ಅದೆಲ್ಲ ಎಲ್ರೂ ಮಾಡ್ತ್ರ್. ನಂಗೊಂದ್ ಫೈಟ್ ತೆಗ್ದ್ ಕೊಡಿ.”

“ಫೈಟಾ? ಯಾರೊಟ್ಟಿಗೆ?”

“ಅದ್ ನೀವ್ ಕಾಣಿ. ಜನ ಕುರ್ಚಿ ಬಿಟ್ಟ್ ಏಳ್ಕ್, ಅಷ್ಟೇ.”

ನನ್ನ ಕ್ಯಾಮೆರಾ ಅಲ್ಲಿಯವರೆಗೆ ಕಂಡ ಹೊಡೆದಾಟವೆಂದರೆ ಮದುವೆ ಹಾಲಿನಲ್ಲಿ ಎರಡನೇ ಪಂಕ್ತಿಯ ಸೀಟಿಗಾಗಿ ನಡೆಯುವಂಥದ್ದು. ಅದನ್ನು ತೆಗೆದುಹಾಕಿ ಎಂದು ಜನ ನನಗೆ ಹೇಳುತ್ತಿದ್ದರೇ ಹೊರತು, ಹಾಕಿ ಎಂದು ಯಾರೂ ಹೇಳಿದ್ದಿಲ್ಲ. ಆದರೂ ಒಪ್ಪಿಕೊಂಡೆ. ಹೆಂಡತಿಯ ಅಣ್ಣ ಕೇಳಿದ ಮೇಲೆ ಬೇರೆ ದಾರಿಯಿಲ್ಲ. ಮೇಲಾಗಿ, ಅವರು ಹೊಡೆತ ತಿನ್ನುವುದನ್ನು ನೋಡುವ ಆಸೆ ನನಗೂ ಸ್ವಲ್ಪ ಇತ್ತು.

ಮೊದಲು ಅಭ್ಯಾಸ. ದಿನಾ ಮಧ್ಯಾಹ್ನ ಊಟ ಮುಗಿಸಿ ಭಾವ ನಮ್ಮ ಮನೆಗೆ ಬರುತ್ತಿದ್ದರು. ಇಬ್ಬರೂ ಟಿವಿಯ ಎದುರು ಕೂತು ಎಲ್ಲ ಭಾಷೆಯ ಫೈಟುಗಳನ್ನೂ ನೋಡಿದೆವು. ಹೀರೋ ಕಾಲಿನಿಂದ ನೆಲಕ್ಕೆ ಒದ್ದರೆ ಸುತ್ತ ನಿಂತ ಲಾರಿಗಳು ಹಾರುತ್ತಿದ್ದವು. ಭಾವ ತೊಡೆ ತಟ್ಟುತ್ತಿದ್ದರು. ನನ್ನ ಹೆಂಡತಿ ಅದೇ ಕೋಣೆಯಲ್ಲಿ ಸೋಫಾದ ಮೂಲೆಯಲ್ಲಿ ಒರಗಿ ನಿದ್ದೆ ಹೊಡೆಯುತ್ತಿದ್ದಳು. ಕಟ್ಟಡ ಕುಸಿದರೂ, ಹೆಲಿಕಾಪ್ಟರ್ ಉರುಳಿದರೂ ಅವಳಿಗೆ ಏನೂ ಆಗುತ್ತಿರಲಿಲ್ಲ. ಒಳಗೆ ಒಲೆಯ ಮೇಲೆ ಹಾಲು ಸುಂಯ್ ಅಂದರೆ ಮಾತ್ರ ಎದ್ದು ಓಡುತ್ತಿದ್ದಳು. ಆಗ ಅದನ್ನು ಕಂಡು ನಕ್ಕೆನೇ ಹೊರತು ಅದರಲ್ಲಿ ಕಲಿಯುವುದೇನಾದರೂ ಇದೆ ಎಂದು ಹೊಳೆಯಲಿಲ್ಲ.

ಖಳರಾಗಲು ಭಾವನ ಇಬ್ಬರು ಗೆಳೆಯರು ಒಪ್ಪಿದರು. ಒಬ್ಬರು ಹೈಸ್ಕೂಲಿನಲ್ಲಿ ಡ್ರಿಲ್ ಮಾಸ್ಟರಾಗಿ ನಿವೃತ್ತರಾದವರು. ಈಗಲೂ ಬೆನ್ನು ನೆಟ್ಟಗೆ. ಕೊರಳಲ್ಲಿ ಸೀಟಿ ಇಲ್ಲದಿದ್ದರೂ ಇರುವ ಹಾಗೆ ನಡೆಯುವವರು. ಇನ್ನೊಬ್ಬ ಮೀನಿನ ಲಾರಿಯ ಮಾಲೀಕ. ಗುಂಡಗೆ, ಬಲಿಷ್ಠ, ನೋಡಿದರೆ ಹೆದರಿಕೆಯಾಗುವಂಥ ತೋಳು. ಅವನಿಗಿದ್ದ ಒಂದೇ ತೊಂದರೆ, ಕ್ಯಾಮೆರಾ ಕಂಡರೆ ನಗು ಬರುತ್ತಿತ್ತು.

ಸಂಜೆ ಬಿಸಿಲಿನಲ್ಲಿ ಕಡಲಿನ ಬದಿಗೆ ಹೋಗಿ ಮೊದಲ ಫೈಟ್ ತೆಗೆದೆವು. ಭಾವ ಕಪ್ಪು ಕನ್ನಡಕ ಹಾಕಿಕೊಂಡು ಹೊಯಿಗೆಯ ಮೇಲೆ ನಡೆದು ಬಂದರು. ಹೊಯಿಗೆಯಲ್ಲಿ ಕಾಲು ಹೂತುಹೋಗಿ, ಹೀರೋ ಬರುತ್ತಿದ್ದಾನೆ ಅನ್ನುವುದಕ್ಕಿಂತ ಯಾರೋ ಚಪ್ಪಲಿ ಹುಡುಕುತ್ತಿದ್ದಾರೆ ಅನ್ನುವ ಹಾಗಿತ್ತು. ಅವರು ಕೈ ಎತ್ತುವ ಮೊದಲೇ ಮಾಸ್ಟ್ರು ಶಿಸ್ತಾಗಿ ಬೀಳುತ್ತಿದ್ದರು. ಲಾರಿಯವನು ನಗುತ್ತಲೇ ಹೊಡೆತ ತಿಂದ, ನಗುತ್ತಲೇ ಸತ್ತ.

ಮನೆಗೆ ಬಂದು ನಾನು ನನ್ನ ವಿದ್ಯೆಯನ್ನೆಲ್ಲ ಸುರಿದೆ. ಒದ್ದೆ ಬಟ್ಟೆಯನ್ನು ಕಲ್ಲಿಗೆ ಬಡಿದು, ತೆಂಗಿನಕಾಯಿ ಒಡೆದು, ಆ ಶಬ್ದಗಳನ್ನು ಹೊಡೆತಕ್ಕೆ ಹೊಂದಿಸಿದೆ. ಎಲ್ಲವನ್ನೂ ಸ್ಲೋ ಮೋಷನ್ನಿಗೆ ಹಾಕಿದೆ. ಅಲ್ಲೊಂದು ಸಮಸ್ಯೆ ಬಂತು. ಸ್ಲೋ ಮೋಷನ್ನಿನಲ್ಲಿ ಭಾವನ ಮುಷ್ಟಿಗಿಂತ ಮೊದಲು ಅವರ ಹೊಟ್ಟೆ ಶತ್ರುವನ್ನು ತಲುಪುತ್ತಿತ್ತು.

ನಾವುಂದದ ಮನೆಯಲ್ಲಿ ಎಲ್ಲರನ್ನೂ ಕೂರಿಸಿ ತೋರಿಸಿದೆ. ಭಾವನ ತಾಯಿ, ಅಂದರೆ ನನ್ನ ಅತ್ತೆ, ಎಂಬತ್ತು ದಾಟಿದವರು, ಕನ್ನಡಕ ಒರೆಸಿಕೊಂಡು ನೋಡಿದರು.

“ಇವ್ರ್ ಎಂತಕ್ ಹೊಡ್ಕಂಬುದ್?” ಎಂದು ಮಗನನ್ನು ಕೇಳಿದರು.

“ಅವ್ರ್ ಕೆಟ್ಟವ್ರ್ ಅಮ್ಮ.”

“ಯಾರ್, ಮಾಷ್ಟ್ರಾ? ಮೊನ್ನೆ ನಮ್ಗೆ ಬಾಳೆಗೊನಿ ತಂದ್ ಕೊಟ್ಟವ್ರಲ್ದಾ?”

“ಸಿನಿಮಾದಗೆ ಕೆಟ್ಟವ್ರ್.”

“ಹಾಂಗಾ. ಹೋಯ್ಲಿ, ನೀ ಗೆಲ್ತೆ ಅಂದ್ ಮೊದ್ಲೇ ಗೊತ್ತಿತ್ತಲೆ. ಮತ್ತೆಂತ ಕಾಂಬುದ್?” ಎಂದು ಎದ್ದು ಒಳಗೆ ಹೋದರು. ನನ್ನ ಹೆಂಡತಿ ಆಗಲೇ ನಿದ್ದೆ ಹೋಗಿದ್ದಳು.

ನನಗೆ ಅವಮಾನವಾಯಿತು. ವೇಗ ಸಾಲದು ಎಂದುಕೊಂಡು ಮತ್ತೆ ಎಡಿಟ್ ಮಾಡಿದೆ. ಈ ಸಲ ಒಂದೊಂದು ದೃಶ್ಯವನ್ನೂ ತುಂಡು ತುಂಡು ಮಾಡಿ, ಕಣ್ಣು ಮಿಟುಕಿಸುವುದರೊಳಗೆ ಮುಖ, ಮುಷ್ಟಿ, ಕಡಲು, ಕಾಲು, ಮುಖ ಎಂದು ಜೋಡಿಸಿದೆ. ನೋಡಿದ ಲಾರಿಯವನು ತಲೆ ಕೆರೆದುಕೊಂಡು ನನ್ನನ್ನು ಕೇಳಿದ. “ಭಾವ್ನೋರೆ, ಇದ್ ನನ್ ಕಾಲಾ, ಮಾಷ್ಟ್ರ್ ಕಾಲಾ?” ತನ್ನ ಕಾಲು ತನಗೇ ಗೊತ್ತಾಗದ ಮೇಲೆ ನೋಡುವವರಿಗೆ ಏನು ಗೊತ್ತಾದೀತು? ಯಾರು ಎಲ್ಲಿ ನಿಂತಿದ್ದಾರೆ, ಯಾರಿಂದ ಯಾರಿಗೆ ಪೆಟ್ಟು ಬಿತ್ತು ಎಂದು ತಿಳಿಯದಿದ್ದರೆ ಅದು ಫೈಟಲ್ಲ, ಬಸ್ಸಿನ ನೂಕುನುಗ್ಗಲು.

“ಇದ್ ಆತಿಲ್ಲ. ನಮ್ಮನಿ ಅಂಗ್ಳದಗೇ ಇನ್ನೊಂದ್ ಸಲ ತೆಗಿವ,” ಎಂದರು ಭಾವ.

ಒಂದು ಬೆಳಗ್ಗೆ ಕ್ಯಾಮೆರಾ ಹೊತ್ತುಕೊಂಡು ಹೋದೆ. ಅಂಗಳ ನೋಡಿ ಗೇಟಿನಲ್ಲೇ ನಿಂತೆ. ಹಲಸಿನಕಾಯಿಯ ಕಾಲ. ಅಂಗಳದ ತುಂಬ ಚಾಪೆ, ಚಾಪೆಯ ತುಂಬ ಹಪ್ಪಳ. ಚಾಪೆಗಳ ನಡುವೆ ಒಂದು ಪಾದ ಇಡುವಷ್ಟು ಜಾಗ ಮಾತ್ರ. ಅತ್ತೆ ಜಗಲಿಯ ಮೆಟ್ಟಿಲಿನ ಮೇಲೆ, ಕಾಗೆ ಓಡಿಸುವ ಕೋಲು ಹಿಡಿದು ಕೂತಿದ್ದರು. ಖಳರಿಬ್ಬರೂ ಚಪ್ಪಲಿ ಕಳಚಿ, ದೇವಸ್ಥಾನಕ್ಕೆ ಬಂದವರ ಹಾಗೆ ಬದಿಯಲ್ಲಿ ನಿಂತಿದ್ದರು.

“ಅಮ್ಮ, ಒಂದ್ ಗಳಿಗಿ ಈ ಚಾಪಿ ಎಲ್ಲ ತೆಗ್ದ್ರೆ...” ಎಂದು ಭಾವ ರಾಗ ಎಳೆದರು.

“ಎಂತಕ್ ತೆಗುದ್? ನಿನ್ ಫೈಟಿಗೆ ಬಿಸ್ಲ್ ಕಾಯ್ತಾ? ನಾಳೆ ಮೋಡ ಆದ್ರೆ?”

“ನಾವ್ ಎಲ್ಲ್ ಹೊಡ್ದಾಡುದ್?”

“ಮಧ್ಯ ದಾರಿ ಇತ್ತಲೆ, ಅಲ್ಲೇ ಹೊಡ್ದಾಡಿ.” ಅತ್ತೆ ಕೋಲನ್ನು ನೆಲಕ್ಕೆ ಕುಟ್ಟಿದರು. “ಒಂದ್ ಹಪ್ಳ ಮೆಟ್ಟ್ರೆ ಕಾಣ್ ಮತ್ತೆ. ಅರ್ವತ್ತಾಯ್ತ್ ಅಂದ್ ನಾ ಕಾಂತಿಲ್ಲೆ.”

ಮುಂಬೈಯ ಗಿರಾಕಿಗಳಿಗೆ, ಅಲ್ಲಿನ ಪೊಲೀಸರಿಗೆ, ಯಾರಿಗೂ ಹೆದರದ ನನ್ನ ಭಾವ ತಾಯಿಯ ಕೋಲಿಗೆ ಹೆದರಿದ್ದು ಅವರ ಮೀಸೆಯಲ್ಲೇ ಕಂಡಿತು. ಅದು ಸ್ವಲ್ಪ ಕೆಳಗೆ ಬಂತು.

ನನಗೆ ಅಂಗಳಕ್ಕೆ ಇಳಿಯಲು ಜಾಗವಿರಲಿಲ್ಲ. ಜಗಲಿಯ ಮೇಲೆಯೇ, ಅತ್ತೆಯ ಹಿಂದೆ ಕ್ಯಾಮೆರಾ ನಿಲ್ಲಿಸಿದೆ. ಅಲ್ಲಿಂದ ಇಡೀ ಅಂಗಳ ಕಾಣುತ್ತಿತ್ತು: ಈಚೆ ಬದಿಯಲ್ಲಿ ಭಾವ, ಆಚೆ ಬಾವಿಕಟ್ಟೆಯ ಹತ್ತಿರ ಖಳರಿಬ್ಬರು, ನಡುವೆ ಬಿಸಿಲಿನಲ್ಲಿ ಬಿಳುಚಿಕೊಂಡು ಮಲಗಿದ ಹಪ್ಪಳ. ಶುರು ಮಾಡಿ ಎಂದೆ.

ಭಾವ ಮೊದಲ ಹೆಜ್ಜೆ ಇಟ್ಟರು. ಈ ಸಲ ಕನ್ನಡಕ ಇರಲಿಲ್ಲ, ನೆಲ ಕಾಣಬೇಕಲ್ಲ. ಆಚೆಯಿಂದ ಮಾಸ್ಟ್ರು ಬಂದರು. ದಾರಿಯ ನಡುವೆ ಇಬ್ಬರೂ ಎದುರುಬದುರಾದರು. ಮಾಸ್ಟ್ರು ಕೈ ಬೀಸಿದರು. ತಪ್ಪಿಸಿಕೊಳ್ಳಲು ಭಾವ ಹಿಂದಕ್ಕೆ ವಾಲಿದರು. ಒಂದು ಕಾಲು ಎದ್ದಿತು. ಎದ್ದ ಕಾಲನ್ನು ಇಡಲು ಜಾಗವಿಲ್ಲ. ಹಿಮ್ಮಡಿ ಒಂದು ಹಪ್ಪಳದ ಮೇಲೆ ಗಾಳಿಯಲ್ಲಿ ನಡುಗುತ್ತ ನಿಂತಿತು.

ನನ್ನ ಪಕ್ಕಕ್ಕೆ ಬಂದು ನಿಂತಿದ್ದ ಹೆಂಡತಿ ನನ್ನ ತೋಳು ಚಿವುಟಿದಳು. ಭಾವ ಹೇಗೋ ದೇಹ ತಿರುಚಿ ಆ ಕಾಲನ್ನು ದಾರಿಗೇ ತಂದು, ಅದೇ ರಭಸದಲ್ಲಿ ಮಾಸ್ಟ್ರ ಎದೆಗೆ ಕೈಕೊಟ್ಟು ನೂಕಿದರು. ಮಾಸ್ಟ್ರು ಈ ಸಲ ಶಿಸ್ತಾಗಿ ಬೀಳಲಿಲ್ಲ. ಬೀಳುವ ಹಾಗೇ ಇರಲಿಲ್ಲ. ಎರಡೂ ಕೈ ಚಾಚಿ, ಬಾಯಿ ತೆರೆದು, ತುದಿಗಾಲಲ್ಲಿ ಓಲಾಡಿದರು. ಹಿಂದಿದ್ದ ಲಾರಿಯವನು ಅವರ ಅಂಗಿಯ ಕಾಲರ್ ಹಿಡಿದು ಎಳೆದು ಉಳಿಸಿದ. ಅವನ ಮುಖದಲ್ಲಿ ನಗು ಇರಲಿಲ್ಲ. ಬೆವರು ಇಳಿಯುತ್ತಿತ್ತು.

ಅಷ್ಟರಲ್ಲಿ ಒಂದು ಕಾಗೆ ಬಾವಿಕಟ್ಟೆಯಿಂದ ಹಾರಿ ಮೂಲೆಯ ಚಾಪೆಗೆ ಇಳಿಯಿತು.

“ಹ್ವಾಯ್, ಕಾಕಿ!” ಎಂದು ಅತ್ತೆ ಕೂಗಿದರು.

ಮಾಸ್ಟ್ರನ್ನು ಹಿಂದಕ್ಕೆ ಬಿಟ್ಟು ಮುಂದೆ ಬಂದು, ಹೊಡೆಯಲು ಮುಷ್ಟಿ ಎತ್ತಿದ್ದ ಲಾರಿಯವನು ಆ ಮುಷ್ಟಿಯನ್ನೇ ಬಿಚ್ಚಿ ಕಾಗೆಯ ಕಡೆಗೆ ಬೀಸಿ “ಹುಶ್” ಎಂದ. ಅದನ್ನೇ ಕಾದಿದ್ದ ಭಾವ ಅವನ ಪಕ್ಕೆಗೆ ಗುದ್ದಿದರು. ಹುಸಿ ಗುದ್ದಲ್ಲ, ಸರಿಯಾಗಿಯೇ ಬಿತ್ತು. ಲಾರಿಯವನು ನಾಟಕ ಮರೆತು ತಿರುಗಿ ಒಂದು ನೂಕು ಕೊಟ್ಟ. ಭಾವ ಅಂಗಳದ ಅಂಚಿನವರೆಗೆ ಹಿಂದೆ ಹಿಂದೆ ಹೋದರು. ಎಡಕ್ಕೆ ಹಪ್ಪಳ, ಬಲಕ್ಕೆ ದನಕ್ಕೆಂದು ಅಕ್ಕಿ ತೊಳೆದ ನೀರು ಕಲಸಿಟ್ಟ ಅಕ್ಕಚ್ಚಿನ ಬಾನಿ. ಅರೆಗಳಿಗೆ ಅವರ ಕಣ್ಣು ಆ ಕಡೆ ಈ ಕಡೆ ಓಡಿದ್ದು ಜಗಲಿಯಿಂದ ನನಗೆ ಕಂಡಿತು. ಆಮೇಲೆ ಅವರು ತಾವಾಗಿಯೇ ಬಲಕ್ಕೆ ಬಿದ್ದರು. ಬಾನಿ ಉರುಳಿತು. ಅರವತ್ತರ ಮದುಮಗ ತಲೆಯಿಂದ ಮೀಸೆಯವರೆಗೆ ಅಕ್ಕಚ್ಚಿನಲ್ಲಿ ಮಿಂದು, ಮೊಣಕೈ ಹಿಡಿದುಕೊಂಡು ಕೂತರು.

“ಹಪ್ಳ ಮುರಿತಾ?” ಎಂದದ್ದು ಅವರ ಮೊದಲ ಮಾತು.

ಅತ್ತೆ ಕೋಲೂರಿಕೊಂಡು ಇಳಿದರು. ಚಾಪೆಗಳ ಸುತ್ತ ಒಂದು ಸುತ್ತು ಹಾಕಿ, ಬಗ್ಗಿ ಬಗ್ಗಿ ನೋಡಿದರು. “ಇಲ್ಲ,” ಎಂದರು. ಆಮೇಲೆ ಮಗನ ಮೊಣಕೈ ನೋಡಿದರು. “ಹೋಯ್, ರಕ್ತ ಬತ್ತಿತ್ತಲೆ ಮಗಾ!”

ಆ ರಾತ್ರಿಯೇ ಎಡಿಟ್ ಮಾಡುತ್ತೇನೆ ಎಂದುಕೊಂಡಿದ್ದೆ. ಮಾಡಲು ಏನೂ ಇರಲಿಲ್ಲ. ಒಂದು ಕತ್ತರಿಯನ್ನೂ ಹಾಕಲಿಲ್ಲ. ತೆಂಗಿನಕಾಯಿಯ ಶಬ್ದವನ್ನು ಹಾಕಿ ನೋಡಿ, ತೆಗೆದೆ. ಏದುಸಿರು, ಚಾಪೆಯ ಅಂಚಿಗೆ ಕಾಲು ತಾಗಿದ ಸರಕ್ ಸಪ್ಪಳ, ಅತ್ತೆಯ ಕೋಲು, ಇಷ್ಟೇ ಸಾಕಾಗಿತ್ತು.

ಸಮಾರಂಭದ ದಿನ ಹಾಲ್ ತುಂಬಿತ್ತು. ಕುಂದಾಪುರದಿಂದ, ಬ್ರಹ್ಮಾವರದಿಂದ ನೆಂಟರೆಲ್ಲ ಬಂದಿದ್ದರು. ಹೊಟ್ಟೆ ಹಸಿದ ಜನ. ಊಟದ ಕೋಣೆಯ ಬಾಗಿಲ ಕಡೆಗೇ ಅರ್ಧ ತಿರುಗಿ ಕೂತಿದ್ದರು. ವಿಡಿಯೋ ಶುರುವಾದಾಗ ಕೆಲವರು ಮಾತು ನಿಲ್ಲಿಸಲೂ ಇಲ್ಲ. ಪರದೆಯ ಮೇಲೆ ಹಪ್ಪಳದ ಅಂಗಳ ಬಂದಾಗ ಹೆಂಗಸರ ಸಾಲಿನಲ್ಲಿ ಮೊದಲು ಸದ್ದು ಅಡಗಿತು. ಆ ಹಪ್ಪಳದ ಹಿಂದೆ ಎಷ್ಟು ಸೊಂಟ ನೋವಿದೆ ಎಂದು ಅವರಿಗೆ ಗೊತ್ತು. ಭಾವನ ಹಿಮ್ಮಡಿ ಎದ್ದು ನಿಂತಾಗ ಇಡೀ ಹಾಲ್ ಕುರ್ಚಿಯ ತುದಿಗೆ ಬಂತು.

“ಅಯ್ಯೋ, ಹಪ್ಳ! ಹಪ್ಳ ಕಾಣಿ ಮಾರಾಯ್ರೆ!” ಎಂದು ಯಾರೋ ಕಿರುಚಿದರು. ಬ್ರಹ್ಮಾವರದ ದೊಡ್ಡಮ್ಮನೊಬ್ಬರು ಕುರ್ಚಿ ಬಿಟ್ಟು ಎದ್ದೇ ನಿಂತರು. ಕಾಗೆ ಇಳಿದಾಗ ಹತ್ತಾರು ಜನ ಒಟ್ಟಿಗೇ “ಹುಶ್” ಎಂದರು. ಭಾವ ಅಕ್ಕಚ್ಚಿನ ಬಾನಿಗೆ ಬಿದ್ದಾಗ ಎದ್ದಂಥ ಚಪ್ಪಾಳೆ ಆ ಹಾಲಿನಲ್ಲಿ ಯಾವ ಮದುಮಕ್ಕಳಿಗೂ ಬಿದ್ದದ್ದನ್ನು ನಾನು ಕಂಡಿಲ್ಲ. ನನ್ನ ಹೆಂಡತಿ, ಕಣ್ಣಾರೆ ಕಂಡದ್ದನ್ನೇ ಮತ್ತೆ ನೋಡುತ್ತಿದ್ದವಳು, ಮತ್ತೆ ನನ್ನ ತೋಳು ಚಿವುಟಿದಳು.

ಆಮೇಲೆ ನಾನು ಇದರ ಬಗ್ಗೆ ಬಹಳ ಯೋಚಿಸಿದ್ದೇನೆ. ಲಾರಿ ಹಾರಿದರೆ ನಮಗೇನೂ ಅನ್ನಿಸುವುದಿಲ್ಲ, ಯಾಕೆಂದರೆ ಆ ಲಾರಿ ಯಾರದೂ ಅಲ್ಲ. ಹೀರೋ ಸಾಯುವುದಿಲ್ಲ ಎಂದು ಟಿಕೆಟ್ ತೆಗೆಯುವಾಗಲೇ ಗೊತ್ತು. ಆದರೆ ಹಪ್ಪಳ ಉಳಿಯುತ್ತದೆಯೇ ಎಂದು ಯಾರೂ ಹೇಳಲಾರರು. ಹೊಡೆತ ಎಷ್ಟು ಜೋರು ಎನ್ನುವುದು ದೊಡ್ಡದಲ್ಲ. ಹೊಡೆಯುವವನು ಯಾವುದಕ್ಕೆ ಹೆದರುತ್ತಿದ್ದಾನೆ ಎನ್ನುವುದು ನೋಡುವವನಿಗೆ ಕಾಣಬೇಕು, ಆ ಹೆದರಿಕೆ ಅವನದೂ ಆಗಬೇಕು. ಇದನ್ನು ನಾನು ಸ್ಟುಡಿಯೋಗೆ ಬಂದವರಿಗೆ ಗಂಭೀರವಾಗಿ ವಿವರಿಸಿದರೆ, ಅವರು ಪಾಸ್‌ಪೋರ್ಟ್ ಫೋಟೋ ಯಾವಾಗ ಸಿಗುತ್ತದೆ ಎಂದು ಕೇಳುತ್ತಾರೆ.

ಆ ದಿನ ಊಟಕ್ಕೆ ನಾವು ನಾಲ್ವರೂ ಒಂದೇ ಸಾಲಿನಲ್ಲಿ ಕೂತೆವು. ಜನ ಬಂದು ಬಂದು ಕೈ ಕುಲುಕಿ ಹೋಗುತ್ತಿದ್ದರು. ಆದರೆ ಎಲ್ಲರೂ ವಿಚಾರಿಸಿದ್ದು ಹಪ್ಪಳವನ್ನು, ಹೊಗಳಿದ್ದು ಅತ್ತೆಯನ್ನು. ಭಾವನಿಗೆ ಅದು ಸ್ವಲ್ಪ ಚುಚ್ಚಿತು.

“ನಾ ಗೆದ್ದದ್ದ್ ಯಾರೂ ಕಂಡೇ ಇಲ್ಲ ಅಲ್ದಾ?” ಎಂದರು.

ಮಾಸ್ಟ್ರು ಅನ್ನ ಕಲಸುವುದನ್ನು ನಿಲ್ಲಿಸಿದರು. “ನೀ ಗೆದ್ದದ್ದಾ? ಬಾನಿಗೆ ಬಿದ್ದದ್ದ್ ಯಾರ್ ಮಾರಾಯಾ? ನಾ ನಿಂತೇ ಇದ್ದೆ.”

“ನೀವ್ ನಿಂತದ್ದಲ್ಲ, ನಾ ಕಾಲರ್ ಹಿಡ್ದ್ ನಿಲ್ಸದ್ದ್,” ಎಂದ ಲಾರಿಯವನು. “ಇವ್ನನ್ ಬಾನಿಗೆ ಕೆಡ್ಗದ್ದೂ ನಾನೇ. ಲೆಕ್ಕಕ್ಕೆ ಗೆದ್ದದ್ದ್ ನಾನ್.”

“ನೀನಾ? ಕಾಕಿ ಓಡ್ಸುಕೆ ಹೋದವ!” ಎಂದರು ಭಾವ.

ಮೂವರ ಸ್ವರವೂ ಏರಿತು. ಹಿಂದಿನ ಪಂಕ್ತಿಯವರು ತಿರುಗಿ ನೋಡಿದರು. ಪಾಯಸದ ಬಕೆಟ್ ಹಿಡಿದವರು ನಮ್ಮ ಎಲೆಗಳಿಗೆ ಬಡಿಸಿ ಅಲ್ಲೇ ನಿಂತುಬಿಟ್ಟರು. ಭಾವ ನನ್ನ ಕಡೆ ತಿರುಗಿದರು.

“ಭಾವ, ತೆಗ್ದವ್ರ್ ನೀವ್. ನೀವೇ ಹೇಳಿ, ಗೆದ್ದದ್ದ್ ಯಾರ್?”

ನಾನು ಬಾಯಿ ತುಂಬ ಪಾಯಸ ಹಾಕಿಕೊಂಡು, ಈಗ ಮಾತಾಡಲು ಆಗುವುದಿಲ್ಲ ಎಂದು ಕೈಸನ್ನೆ ಮಾಡಿದೆ.