ಕಾಶೀನಾಥನ ಐದನೆಯ ಖಾನೆ

ಕಳಸದ ಬಸ್‌ಸ್ಟ್ಯಾಂಡಿನ ಎದುರು, ಶಾಂತವೀರಪ್ಪನವರ ದಿನಸಿ ಅಂಗಡಿಯ ಮಹಡಿಯ ಮೇಲೆ, ಹಳದಿ ಬಣ್ಣದ ಒಂದು ಬೋರ್ಡು ಐದು ವರ್ಷ ನೇತಾಡಿತು. ‘ಕಾಶೀನಾಥ ಕಂಪ್ಯೂಟರ್ ಜಾತಕ. ಮನುಷ್ಯ ತಪ್ಪಬಹುದು, ಕಂಪ್ಯೂಟರ್ ತಪ್ಪದು.’ ಅದನ್ನು ಬರೆಸಿದ ಕಾಶೀನಾಥನಿಗೆ ಜಾತಕದಲ್ಲಿ ಕವಡೆಯಷ್ಟೂ ನಂಬಿಕೆ ಇರಲಿಲ್ಲ. ನಂಬಿಕೆ ಇದ್ದದ್ದು ತಾನು ಬರೆದ ಪ್ರೋಗ್ರಾಮಿನಲ್ಲಿ. ಅದಕ್ಕಿಂತ ಹೆಚ್ಚು ನಂಬಿಕೆ ಕಳಸದ ಜನರ ದಡ್ಡತನದಲ್ಲಿ.

ಎತ್ತು ಈಯಿತು ಅಂದರೆ ಕೊಟ್ಟಿಗೆಗೆ ಕಟ್ಟು ಅನ್ನುವ ಜನ ಎಂದು ಅವನು ಅವರನ್ನು ಕುರಿತು ಹೇಳುತ್ತಿದ್ದ. ಹೇಳುವುದಕ್ಕೆ ಕಾರಣವೂ ಇತ್ತು. ಮೆಟ್ಟಿಲ ಬುಡದಲ್ಲೇ ಚಪ್ಪಲಿ ಬಿಟ್ಟು ಹತ್ತುತ್ತಿದ್ದರು. ಪ್ರಿಂಟರ್ ಕರಕರ ಅನ್ನಲು ಶುರುಮಾಡಿದರೆ ಕುರ್ಚಿಯಲ್ಲಿ ಕೂತವರು ಎದ್ದು ನಿಲ್ಲುತ್ತಿದ್ದರು, ಮಂಗಳಾರತಿಗೆ ನಿಂತ ಹಾಗೆ. ಅಂಚಿನಲ್ಲಿ ಸಾಲು ತೂತಿನ ಆ ಕಾಗದವನ್ನು ಎರಡೂ ಕೈಯಲ್ಲಿ ಈಸಿಕೊಂಡು ಕಣ್ಣಿಗೆ ಒತ್ತಿಕೊಳ್ಳುವವರೂ ಇದ್ದರು. ಹಾಳಾದ ಪ್ರಿಂಟುಗಳನ್ನು ಕಾಶೀನಾಥ ಕೆಳಗಿನ ಅಂಗಡಿಗೆ ಕೊಡುತ್ತಿದ್ದ. ಸಾಸಿವೆ ಕೊಳ್ಳಲು ಬಂದವರು ಪೊಟ್ಟಣ ಬಿಚ್ಚಿ ಪಕ್ಕದ ಮನೆಯವರ ಶನಿ ಯಾವ ಮನೆಯಲ್ಲಿದ್ದಾನೆಂದು ಓದಿಕೊಳ್ಳುತ್ತಿದ್ದರು.

ಅವನ ಅಪ್ಪ ಊರಿಗೆಲ್ಲ ಜೋಯಿಸರು. ಮಕ್ಕಳ ಜಾತಕ ಬರೆಸಲು ಬಂದವರನ್ನು ಜಗಲಿಯಲ್ಲಿ ಕೂರಿಸಿ, ಅರ್ಧ ದಿನ ಮಾತಾಡಿಸಿ, ಆಮೇಲೆ ಪಂಚಾಂಗ ಬಿಚ್ಚುವವರು. ಕೋಳಿ ಕೂಗಿತ್ತೋ, ಮನೆಯವರು ಒಮ್ಮೆ ಮಲಗಿ ಎದ್ದಿದ್ದರೋ, ಬೆಳಗಾದ ಮೇಲೆ ಸಂತೆಗೆ ಹೋದಿರೋ ಇಲ್ಲವೋ ಎಂದು ಕೇಳುತ್ತಿದ್ದರು. ಇವೆಲ್ಲ ಇನ್ನೊಂದು ಲೋಟ ಕಾಫಿ ಬರುವ ತನಕ ಹೊತ್ತು ಕಳೆಯುವ ಮಾತು ಎಂದೇ ಮಗ ತಿಳಿದಿದ್ದ. ಆ ಜಗಲಿಯಲ್ಲಿ ಅವನು ಕೂತದ್ದೇ ಇಲ್ಲ.

ಅವನಿಗೆ ಬೇಕಾಗಿದ್ದದ್ದು ಒಂದೇ. ತಿಳಿದವರು ಯಾರಾದರೂ ಒಬ್ಬರು ತನ್ನನ್ನು ಪ್ರೋಗ್ರಾಮರ್ ಎಂದು ಒಪ್ಪಿಕೊಳ್ಳಬೇಕು. ಅದಕ್ಕೆಂದೇ ಬಿ.ಎಸ್ಸಿ. ಮುಗಿಸಿ, ತೊಂಬತ್ತೈದರಲ್ಲಿ ಚಿಕ್ಕಮಗಳೂರಿನ ಓಂಕಾರಮೂರ್ತಿಯ ಕಂಪ್ಯೂಟರ್ ಸೆಂಟರ್ ಸೇರಿದ. ಓಂಕಾರಮೂರ್ತಿ ಹಿಂದಿನ ವರ್ಷದ ತನಕ ಟೈಪಿಂಗ್ ಇನ್‌ಸ್ಟಿಟ್ಯೂಟ್ ನಡೆಸಿದ್ದವನು. ಟೈಪ್‌ರೈಟರ್ ಎತ್ತಿಟ್ಟು ಮೂರು ಕಂಪ್ಯೂಟರ್ ಇಟ್ಟ, ಬೋರ್ಡು ಬದಲಾಯಿಸಿದ, ಅಷ್ಟೇ. ಆಯುಧಪೂಜೆಗೆ ಫ್ಲಾಪಿಗೆ ಕುಂಕುಮ ಹಚ್ಚಿ ಎರಡು ಫ್ಲಾಪಿ ಹಾಳುಮಾಡಿದ ಮಹಾನುಭಾವ. ಅವನ ಶಿಷ್ಯರು ಪ್ರೋಗ್ರಾಮುಗಳನ್ನು ಮಗ್ಗಿಯ ಹಾಗೆ ಬಾಯಿಪಾಠ ಮಾಡುತ್ತಿದ್ದರು. ಅರ್ಥ ಮಾಡಿಕೊಂಡು ಬರೆದವನು ಕಾಶೀನಾಥ ಒಬ್ಬನೇ. ಅದನ್ನು ಅವನು ಉಳಿದವರಿಗೆ ದಿನಕ್ಕೆ ಎರಡು ಸಲ ನೆನಪಿಸುತ್ತಿದ್ದ.

ಬೆಂಗಳೂರಿನ ಇಂಟರ್‌ವ್ಯೂಗಳಿಗೆ ನಾಲ್ಕು ಸಲ ಹೋದ, ನಾಲ್ಕು ಸಲವೂ ವಾಪಸ್ ಬಂದ. ನಿಮ್ಮ ಬಗ್ಗೆ ನೀವೇ ಹೇಳಿ ಎಂದು ಇಂಗ್ಲಿಷಿನಲ್ಲಿ ಕೇಳಿದರೆ ಅವನ ನಾಲಿಗೆ ಅಂಗುಳಕ್ಕೆ ಅಂಟುತ್ತಿತ್ತು. ಬಸ್ಸಿಳಿದು ಊರಲ್ಲಿ ಹೇಳುವಾಗ ಮಾತ್ರ ಕಥೆ ಬೇರೆ. ಟೈ ಕಟ್ಟಿಕೊಂಡ ಕೋಲೆಬಸವಗಳು, ಕೋಡ್ ಅಂದರೆ ಏನೆಂದೇ ಗೊತ್ತಿಲ್ಲ ಅವರಿಗೆ ಎನ್ನುತ್ತಿದ್ದ. ಕುಣಿಯಲಾರದವಳು ನೆಲ ಡೊಂಕು ಅಂದಳಂತೆ. ಆದರೂ ಒಂದು ಮಾತು ಹೇಳಲೇಬೇಕು, ಅವನಿಗೆ ಕುಣಿಯಲು ಬರುತ್ತಿತ್ತು. ಅದೇ ಅವನ ದುರದೃಷ್ಟ.

ಸೇಡಿಗೆ ಬಿದ್ದವನ ಹಾಗೆ ಕೂತು, ಹಳೇ ಖಗೋಳಶಾಸ್ತ್ರದ ಪುಸ್ತಕವೊಂದನ್ನು ಹುಡುಕಿ ತಂದು, ಒಂದು ವರ್ಷ ತೆಗೆದುಕೊಂಡು ಜಾತಕದ ಪ್ರೋಗ್ರಾಮ್ ಬರೆದ. ಸೂರ್ಯ ಚಂದ್ರರ ಗತಿ, ನಕ್ಷತ್ರ, ವಧೂವರರ ಹೊಂದಾಣಿಕೆ, ಎಲ್ಲ ಅವನೇ ಬರೆದದ್ದು. ತನ್ನ ಮತ್ತು ತಂಗಿಯ ಜಾತಕ ತೆಗೆದು ಅಪ್ಪ ಕೈಯಲ್ಲಿ ಬರೆದದ್ದರೊಂದಿಗೆ ಹೋಲಿಸಿ ನೋಡಿದ. ಎರಡೂ ಸರಿ ಬಂದವು. ಇಬ್ಬರೂ ಹಗಲು ಹುಟ್ಟಿದವರು. ಅಪ್ಪನ ಅರ್ಧ ದಿನದ ಕೆಲಸ ಮೂರು ನಿಮಿಷಕ್ಕೆ ಬಂತು. ಅಪ್ಪನ ಪ್ರಶ್ನೆಗಳನ್ನೆಲ್ಲ ಗುಡಿಸಿ ಹಾಕಿ ತೆರೆಯ ಮೇಲೆ ನಾಲ್ಕೇ ಖಾನೆ ಉಳಿಸಿದ: ಹೆಸರು, ತಾರೀಖು, ಗಂಟೆ, ಊರು. ತೊಂಬತ್ತೆಂಟರಲ್ಲಿ ಅಂಗಡಿ ತೆರೆದ. ಸಂಸೆಯಿಂದ, ಬಾಳೆಹೊಳೆಯಿಂದ ಜೀಪು ಹತ್ತಿ ಜನ ಬಂದರು. ಜೋಯಿಸರ ಜಗಲಿ ಖಾಲಿಯಾಯಿತು. ಹಿತ್ತಲ ಗಿಡ ಮದ್ದಲ್ಲ ಅನ್ನುವುದು ಊರಿಗೂ ಸರಿ, ಮಗನಿಗೂ ಸರಿ. ಜೋಯಿಸರು ಪಂಚಾಂಗ ಮಡಚಿಟ್ಟರು. ಮಗ ಅದನ್ನೂ ಸೋಲೆಂದೇ ತಿಳಿದ.

ಎರಡು ಸಾವಿರದ ಇಸವಿಯಲ್ಲಿ ಕೆಳಗಿನ ಅಂಗಡಿಯ ಶಾಂತವೀರಪ್ಪನವರ ಮಗಳು ಧನ್ಯಾಳಿಗೆ ಜಾವಳಿಯಿಂದ ಒಂದು ಸಂಬಂಧ ಬಂತು. ಹುಡುಗ ಕಾಫಿ ತೋಟದವರ ಮನೆಯವನು. ನೋಡಲು ಬಂದವನು ಏಲಕ್ಕಿ ಬೇಕು, ಮೆಣಸು ಬೇಕು ಎಂದು ನೆಪ ಹೇಳಿಕೊಂಡು ಮತ್ತೆ ಎರಡು ಸಲ ಅಂಗಡಿಗೆ ಬಂದ. ಮನೆಯಲ್ಲೇ ಮೆಣಸು ಬೆಳೆಯುವವನು ಕಳಸಕ್ಕೆ ಬಂದು ಮೆಣಸು ಕೊಂಡ ಎಂದು ಬಸ್‌ಸ್ಟ್ಯಾಂಡೆಲ್ಲ ನಕ್ಕಿತು. ಧನ್ಯಾ ಕೂಡ ನಕ್ಕಳು. ಎರಡೂ ಮನೆಯವರಿಗೆ ಒಪ್ಪಿಗೆಯಿತ್ತು, ಜಾತಕ ಒಂದು ನೋಡಿಬಿಟ್ಟರೆ ಆಯಿತು ಎನ್ನುವಷ್ಟರ ಮಟ್ಟಿಗೆ.

ಜಾವಳಿಯವರು ಕೊಟ್ಟ ಹುಡುಗನ ಜಾತಕವನ್ನೂ ಅಮ್ಮ ಶಿವಗಂಗಮ್ಮನ ಹಳೇ ನೋಟ್‌ಬುಕ್ಕಿನ ಹಾಳೆಯನ್ನೂ ಹಿಡಿದು ಧನ್ಯಾಳೇ ಮಹಡಿ ಹತ್ತಿ ಬಂದಳು. ಹಾಳೆಯಲ್ಲಿ ಒಂದು ತಾರೀಖು, ಅದರ ಮುಂದೆ ‘ಭಾನುವಾರ ರಾತ್ರಿ ಎರಡು ಗಂಟೆ’ ಎಂದು ಬರೆದಿತ್ತು. ಕಾಶೀನಾಥ ಟೈಪ್ ಮಾಡಲು ಶುರುಮಾಡಿದ. ಅವಳು ತೆರೆಯನ್ನೇ ನೋಡುತ್ತಾ ನಿಂತಳು.

“ರಾತ್ರಿ ಹನ್ನೆರಡು ಕಳೆದ್ರೆ ಇಂಗ್ಲಿಷ್ ತಾರೀಖು ಮುಂದೆ ಹೋಗ್ತದಲ್ಲ” ಎಂದು ಕೇಳಿದಳು. “ನಮ್ಮ ಅಮ್ಮನ ಲೆಕ್ಕದಲ್ಲಿ ಬೆಳಗಾಗೋ ತನಕ ಭಾನುವಾರವೇ. ಯಾವುದನ್ನ ಹಾಕೋದು?”

ಆ ಮಹಡಿಗೆ ಬಂದ ನೂರಾರು ಜನರಲ್ಲಿ ಪ್ರೋಗ್ರಾಮಿನ ಬಗ್ಗೆ ಬುದ್ಧಿವಂತ ಪ್ರಶ್ನೆ ಕೇಳಿದವಳು ಅವಳೊಬ್ಬಳೇ. ಕಾಶೀನಾಥ ತಲೆಯೆತ್ತಿ ಸಹ ನೋಡಲಿಲ್ಲ.

“ಬರ್ಕೊಂಡು ಬಂದದ್ದನ್ನ ಹಾಕಿದ್ರಾಯ್ತು. ಯೋಚನೆ ಮಾಡ್ಲಿಕ್ಕೆ ಕಂಪ್ಯೂಟರ್ ಉಂಟು, ನೀವು ಜೀರಿಗೆ ತೂಗ್ಲಿಕ್ಕೆ ಹೋಗಿ.”

ಪ್ರಿಂಟು ಬಂತು. ಹುಡುಗಿಯದು ಹಸ್ತಾ ನಕ್ಷತ್ರ, ಇಬ್ಬರದೂ ಒಂದೇ ನಾಡಿ, ನಾಡಿದೋಷ, ವಿವಾಹ ಕೂಡದು. ಜಾವಳಿಯ ಹಿರಿಯರು ಅದನ್ನು ನಾಲ್ಕು ಮಡಿಕೆ ಮಾಡಿ ಜೇಬಿಗಿಟ್ಟು, ಕಾಫಿ ಕುಡಿದು, ತಿಳಿಸುತ್ತೇವೆ ಎಂದು ಹೇಳಿ ಹೋದರು. ಹುಡುಗ ಮತ್ತೆ ಮೆಣಸು ಕೊಳ್ಳಲು ಬರಲಿಲ್ಲ. ನಾಡಿದೋಷ ಎನ್ನುವುದು ಇಬ್ಬರ ನಡುವಿನ ಲೆಕ್ಕ, ಒಬ್ಬರ ಮೈಮೇಲಿನ ಮಚ್ಚೆಯಲ್ಲ. ಅಷ್ಟು ಯೋಚನೆ ಮಾಡುವ ವ್ಯವಧಾನ ಊರಿಗೆ ಎಲ್ಲಿದೆ? ಜಾತಕ ಸರಿಯಿಲ್ಲದ ಹುಡುಗಿ ಎಂದು ಹೆಸರು ಬಿತ್ತು. ಆಮೇಲೆ ಬಂದ ಎರಡು ಸಂಬಂಧಗಳು ಬಸ್‌ಸ್ಟ್ಯಾಂಡಿನಲ್ಲೇ ಈ ಸುದ್ದಿ ಕೇಳಿ ಹಾಗೆಯೇ ತಿರುಗಿ ಹೋದವು. ಧನ್ಯಾ ಅಂಗಡಿಯ ತಕ್ಕಡಿ ಹಿಡಿದು ಕೂತಳು. ಕಾಶೀನಾಥ ದಿನಾ ಅವಳೆದುರೇ ಮೆಟ್ಟಿಲು ಹತ್ತಿ ಇಳಿಯುತ್ತಿದ್ದ. ನಂಬುವವರ ಹಣೆಬರಹವೇ ಇಷ್ಟು ಎಂದುಕೊಳ್ಳುತ್ತಿದ್ದ.

ಎರಡು ಸಾವಿರದ ಮೂರರಲ್ಲಿ ಅವನ ಅದೃಷ್ಟ ತಿರುಗಿತು. ಚಿಕ್ಕಮಗಳೂರಿನಲ್ಲಿ ಕಾಫಿ ಬೀಜ ಹಸನು ಮಾಡುವ ಕ್ಯೂರಿಂಗಿನವರಿಗೆ ಸಾಫ್ಟ್‌ವೇರ್ ಮಾಡಿಕೊಡುವ ಒಂದು ಸಣ್ಣ ಕಂಪನಿಯಿತ್ತು. ಅದರ ಯಜಮಾನರಿಗೆ ಜಾತಕದ ಸಿ.ಡಿ. ಮಾಡಿ ಮಾರುವ ಮನಸ್ಸಾಗಿ ಕಾಶೀನಾಥನಿಗೆ ಹೇಳಿಕಳಿಸಿದರು. ಪ್ರೋಗ್ರಾಮ್ ಪರೀಕ್ಷೆಯಲ್ಲಿ ಪಾಸಾದರೆ ಅವನನ್ನು ಪ್ರೋಗ್ರಾಮರ್ ಎಂದು ಕೆಲಸಕ್ಕೆ ತೆಗೆದುಕೊಳ್ಳುವುದಾಗಿ ಮಾತು ಕೊಟ್ಟರು. ಎಂಟು ವರ್ಷದಿಂದ ಕಾದಿದ್ದ ಮಾತು ಅದು. ಕಾಶೀನಾಥ ಹೊಸ ಶರ್ಟು ಹೊಲಿಸಿಕೊಂಡ.

ಪರೀಕ್ಷೆ ಮಾಡಿದವಳು ಕಾಲೇಜು ಮುಗಿಸಿ ಆಗಷ್ಟೇ ಕೆಲಸಕ್ಕೆ ಸೇರಿದ್ದ ಪಂಚಮಿ ಎಂಬ ಹುಡುಗಿ. ಹಳ್ಳಿ ಮನೆಗಳಿಂದ ಕೈಬರಹದ ಐವತ್ತು ಹಳೇ ಜಾತಕಗಳನ್ನು ತಂದು, ಅದೇ ಮನೆಯವರು ಬರೆದಿಟ್ಟ ತಾರೀಖು ಗಂಟೆ ಹಾಕಿ ನೋಡಿದಳು. ಹನ್ನೊಂದಕ್ಕೆ ಕೆಂಪು ಶಾಯಿಯಲ್ಲಿ ಸುತ್ತುಹಾಕಿ ಅವನ ಮುಂದಿಟ್ಟಳು. ಹನ್ನೊಂದರಲ್ಲೂ ನಕ್ಷತ್ರ ಒಂದೊಂದು ಹಿಂದಿತ್ತು. ಹಳ್ಳಿ ಜೋಯಿಸರಿಗೆ ಕೂಡಲು ಕಳೆಯಲು ಬರುವುದಿಲ್ಲ, ಅದನ್ನು ನನ್ನ ತಲೆಗೆ ಕಟ್ಟಬೇಡಿ ಎಂದ ಕಾಶೀನಾಥ. ಅವನು ಹಿಡಿದ ಮೊಲಕ್ಕೆ ಮೂರೇ ಕಾಲು. ಯಜಮಾನರು ವಾದಕ್ಕೆ ಇಳಿಯಲಿಲ್ಲ. ಒಂದು ವಾರ ಕೊಡುತ್ತೇನೆ, ಸರಿಮಾಡಿ ತನ್ನಿ, ಇಲ್ಲದಿದ್ದರೆ ಬೇಡ ಎಂದರು.

ಮೂರು ದಿನ ತೆರೆಯ ಮುಂದೆ ಕೂತರೂ ತಪ್ಪು ಸಿಗಲಿಲ್ಲ. ಲೆಕ್ಕದಲ್ಲಿ ತಪ್ಪಿರಲಿಲ್ಲ, ಸಿಗುವುದಾದರೂ ಹೇಗೆ? ನಾಲ್ಕನೆಯ ದಿನ ಬೆಳಗ್ಗೆ ಆ ಪಟ್ಟಿಯನ್ನು ಜಗಲಿಯಲ್ಲಿ ಬಿಟ್ಟು ಸ್ನಾನಕ್ಕೆ ಹೋಗಿದ್ದ. ಬರುವಷ್ಟರಲ್ಲಿ ಜೋಯಿಸರು ಕನ್ನಡಕ ಏರಿಸಿ ಅದನ್ನು ಓದುತ್ತಾ ಕೂತಿದ್ದರು.

“ಈ ಹನ್ನೊಂದೂ ಮಧ್ಯರಾತ್ರಿ ಕಳೆದು ಬೆಳಗಾಗೋ ಮುಂಚೆ ಹುಟ್ಟಿದ ಮಕ್ಕಳು” ಎಂದರು. “ಬೆಳಗಾದ ಮೇಲೆ ಯಾವ ವಾರ ಅಂತ ನೀನು ಕೇಳೋದಿಲ್ವಾ?”

ಹೊತ್ತು ಕಳೆಯುವ ಮಾತು ಎಂದು ಅವನು ಗುಡಿಸಿ ಹಾಕಿದ್ದ ಕಸದಲ್ಲೇ ಅದು ಬಿದ್ದಿತ್ತು. ಈ ಕಡೆಯ ಮನೆಗಳಲ್ಲಿ ಸೂರ್ಯ ಹುಟ್ಟುವ ತನಕ ದಿನ ಬದಲಾಗುವುದಿಲ್ಲ. ರಾತ್ರಿ ಎರಡಕ್ಕೆ ಹುಟ್ಟಿದ ಮಗುವಿಗೆ ಹಿಂದಿನ ದಿನದ ತಾರೀಖನ್ನೇ ಬರೆದಿಡುತ್ತಾರೆ. ಯಂತ್ರಕ್ಕೆ ಹನ್ನೆರಡು ಹೊಡೆದರೆ ದಿನ ಬದಲು. ಅದು ಆ ಮಗುವನ್ನು ಪೂರ್ತಿ ಒಂದು ದಿನ ಮುಂಚೆಯೇ ಹುಟ್ಟಿಸಿಬಿಡುತ್ತಿತ್ತು, ಚಂದ್ರ ಒಂದು ನಕ್ಷತ್ರ ಹಿಂದೆ ಬೀಳುತ್ತಿದ್ದ. ವಾರ ಮಾತ್ರ ಮನೆಯವರು ಹೇಳಿದ್ದೇ ಬರುತ್ತಿದ್ದುದರಿಂದ ಯಾರಿಗೂ ಸಂಶಯ ಬಂದಿರಲಿಲ್ಲ. ಸಂಶಯ ಬಂದವಳನ್ನು ಅವನು ಜೀರಿಗೆ ತೂಗಲು ಕಳಿಸಿದ್ದ. ಜೋಯಿಸರ ಮಗನಾಗಿ ಹುಟ್ಟಿ ಇಷ್ಟು ತಿಳಿಯದೆ ಹೋದದ್ದು ನಾಚಿಕೆಗೇಡು.

ಅಪ್ಪನ ಕೈಯಿಂದ ಪಟ್ಟಿ ಈಸಿಕೊಂಡು ಅವನು ಅಂಗಡಿಗೆ ಹೋದ. ಐದನೆಯ ಖಾನೆಯೊಂದನ್ನು ಸೇರಿಸಿದ: ಬೆಳಗಾದ ಮೇಲೆ ಯಾವ ವಾರ? ಅದರ ಹಿಂದೆ ಮೂರು ಸಾಲು ಕೋಡ್. ಐವತ್ತೂ ಸರಿ ಬಂದವು. ಯಜಮಾನರು ಬೆನ್ನು ತಟ್ಟಿ ಕೆಲಸದ ಆರ್ಡರ್ ಕೊಟ್ಟರು. ಅದರಲ್ಲಿ ಅವನ ಹೆಸರಿನ ಕೆಳಗೆ ಪ್ರೋಗ್ರಾಮರ್ ಎಂದು ಟೈಪಾಗಿತ್ತು. ತಪ್ಪು ಹೇಗೆ ಸಿಕ್ಕಿತು ಎಂದು ಪಂಚಮಿ ಕೇಳಿದಾಗ, ಯೋಚನೆ ಮಾಡಿದೆ, ಹೊಳೆಯಿತು ಎಂದ.

ಮಹಡಿ ಖಾಲಿ ಮಾಡುವ ಮುಂಚೆ ಹಳೇ ಫ್ಲಾಪಿಗಳನ್ನು, ಜನ ಕೊಟ್ಟುಹೋದ ಚೀಟಿಗಳನ್ನು ಎದುರಿಟ್ಟುಕೊಂಡು, ಹೊಸ ಪ್ರೋಗ್ರಾಮಿಗೆ ಹಾಕಿ ನೋಡಿದ. ಆಸ್ಪತ್ರೆಯ ಚೀಟಿ ತಂದವರದೆಲ್ಲ ಸರಿಯಿತ್ತು. ಮನೆಯ ನೋಟ್‌ಬುಕ್ ತಂದು, ನಡುರಾತ್ರಿಯ ಮೇಲೆ ಹುಟ್ಟಿದವರದೆಲ್ಲ ತಪ್ಪಿತ್ತು. ಊರೂರಿನಲ್ಲಿ ಅಂಥವರು ಸಾಕಷ್ಟು ಜನ ಇದ್ದರು. ಎಲ್ಲರಿಗೂ ಹೇಳಿಕೊಂಡು ತಿರುಗಲು ತನಗೇನು ಹುಚ್ಚೇ ಎಂದು ಅವನು ತೀರ್ಮಾನಿಸಿದ. ಧನ್ಯಾಳ ಹೆಸರು ಬಂದಾಗ ಮಾತ್ರ ಕೈ ನಿಂತಿತು. ಹಸ್ತಾ ಹೋಗಿ ಚಿತ್ತಾ ಬಂತು. ನಾಡಿ ಬೇರೆಯಾಯಿತು. ಜಾವಳಿಯ ಹುಡುಗನೊಂದಿಗೆ ಹೊಂದಾಣಿಕೆ ಉತ್ತಮ.

ಆ ಹುಡುಗನಿಗೆ ಮದುವೆಯಾಗಿ ಒಂದು ಮಗುವೂ ಇತ್ತು. ಕಾಶೀನಾಥ ಅದನ್ನು ಪ್ರಿಂಟ್ ಮಾಡಿದ. ಒಂದು ಮನೆಗಾದರೂ ಸತ್ಯ ಹೇಳಿ ಹೋಗುವುದು ದೊಡ್ಡತನ ಎಂದು ಅವನಿಗನ್ನಿಸಿತು. ಇಂಥ ಪ್ರಾಮಾಣಿಕನನ್ನು ಎಲ್ಲಿಯೂ ಕಾಣೆವು ಎಂದು ಅವರು ಹೇಳುವುದನ್ನು ಮೆಟ್ಟಿಲು ಇಳಿಯುತ್ತಲೇ ಕೇಳಿಸಿಕೊಂಡ.

ಮಧ್ಯಾಹ್ನದ ಬಸ್ಸಿಗೆ ಇನ್ನೂ ಹೊತ್ತಿತ್ತು. ಶಾಂತವೀರಪ್ಪನವರು ಗಲ್ಲಾದ ಮುಂದೆ ಕೂತಿದ್ದರು, ಧನ್ಯಾ ಒಬ್ಬ ಹೆಂಗಸಿಗೆ ಸಾಸಿವೆ ತೂಗುತ್ತಿದ್ದಳು. ಬೀಗದ ಕೈ ಕೊಟ್ಟು, ಕಾಗದ ಮುಂದೆ ಹಿಡಿದು, ಅವತ್ತಿನ ಪ್ರಿಂಟು ತಪ್ಪಾಗಿತ್ತು, ನಾಡಿದೋಷ ಇರಲೇ ಇಲ್ಲ ಎಂದು ಹೇಳಿದ. ಶಾಂತವೀರಪ್ಪನವರು ಗಲ್ಲಾದ ಮುಚ್ಚಳ ಹಾಕಿದರು. ಮೂರು ವರ್ಷ ಮಗಳನ್ನು ಯಾವುದಕ್ಕೆ ಮನೆಯಲ್ಲಿ ಇಟ್ಟುಕೊಂಡೆ ಎನ್ನುವುದಕ್ಕೆ ಅವರಿಗೆ ಒಂದು ಕಾರಣ ಬೇಕಾಗಿತ್ತು. ಇದ್ದ ಒಂದೇ ಕಾರಣವನ್ನು ಇವನು ಕಿತ್ತುಕೊಳ್ಳಲು ಬಂದಿದ್ದ.

“ಕಂಪ್ಯೂಟರ್ ಯಾಕೆ ತಪ್ತದೆ ಮಾರಾಯ” ಎಂದರು. “ಮನುಷ್ಯ ತಪ್ಪಬಹುದು. ನೀನೇ ಮೇಲೆ ಬರೆಸಿ ಹಾಕಿದ್ದಲ್ವಾ? ಈಗ ನೀನೇ ತಪ್ಪು ಹೇಳ್ತಿದ್ದಿ.”

ಎಷ್ಟು ಹೇಳಿದರೂ ಅವರು ಒಪ್ಪಲಿಲ್ಲ. ಐದು ವರ್ಷ ಯಾವ ದಡ್ಡತನವನ್ನು ನಂಬಿ ಅವನು ಅನ್ನ ತಿಂದಿದ್ದನೋ, ಅದು ಈಗ ಅವನ ಒಂದೇ ಒಂದು ನಿಜವನ್ನು ನಂಬಲಿಲ್ಲ. ಕೊನೆಗೆ ಅವನು ಧನ್ಯಾಳ ಕಡೆ ತಿರುಗಿದ. ನಿಮಗಾದರೂ ಅರ್ಥವಾಗುತ್ತದೆ, ತಪ್ಪು ಎಲ್ಲಿತ್ತು ಗೊತ್ತೇ ಎಂದು ವಿವರಿಸಲು ಹೊರಟ.

“ಗೊತ್ತು” ಎಂದಳು ಧನ್ಯಾ. “ಅವತ್ತು ನಾನೇ ಕೇಳಿದ್ದು.”

ಅವಳು ಕೈ ಚಾಚಿ ಕಾಗದ ತೆಗೆದುಕೊಂಡಳು. ಮೇಲಿನಿಂದ ಕೆಳಗಿನ ತನಕ ಪೂರ್ತಿ ಓದಿದಳು. ಕಾಶೀನಾಥ ಕೈಕಟ್ಟಿ ಕಾಯುತ್ತಾ ನಿಂತ, ಇಂಟರ್‌ವ್ಯೂಗಳಲ್ಲೂ ಹಾಗೆ ನಿಂತಿರಲಿಲ್ಲ. ಅವಳು ಅಂಚಿನ ತೂತಿನ ಪಟ್ಟಿಗಳನ್ನು ಹರಿದು ತೆಗೆದಳು, ಕಾಗದವನ್ನು ಕೈಯಲ್ಲಿ ಸುತ್ತಿ ಪೊಟ್ಟಣ ಮಾಡಿದಳು, ತಕ್ಕಡಿಯ ಸಾಸಿವೆಯನ್ನು ಅದಕ್ಕೆ ಸುರಿದು ಬಾಯಿ ಮಡಚಿ ದಾರ ಕಟ್ಟಿದಳು. ಅದನ್ನು ಹೆಂಗಸಿನ ಚೀಲಕ್ಕೆ ಹಾಕಿ, ಮತ್ತೇನು ಕೊಡಲಿ ಎಂದು ಕೇಳಿದಳು. ಹೆಂಗಸು ಕಾಲು ಕಿಲೋ ಜೀರಿಗೆ ಎಂದಳು.